ಮೇಲಿನ ಹಲಗೆ

ನವ್ರೊಂಗೊ ಹತ್ತಿರದ ಅಣೆಕಟ್ಟಿನ ಕೆಳಗಿನ ಊರು,
ಶುಕ್ರವಾರ, ಫೆಬ್ರುವರಿ 21, 1997

ಪ್ರೀತಿಯ ಅಮ್ಮಾ,

ಮೊಣಕಾಲಿನ ಊತ ಇಳಿಯಿತೇ? ಕ್ರಿಸ್‌ಮಸ್ಸಿನ ಹೊತ್ತಿಗೆ ತಮಾಲೆಯಿಂದ ಶಿಯಾ ಬೆಣ್ಣೆಯ ಉಂಡೆ ಕಳಿಸಿದ್ದೆ. ಅದನ್ನು ನೀನು ಕಾಯಿಸಿ ಹಚ್ಚಿಕೊಂಡೆಯೋ, ಇಲ್ಲ ಅಂಗಡಿ ಸಾಲಿನ ಯಾರಿಗಾದರೂ ಎತ್ತಿ ಕೊಟ್ಟು ದೊಡ್ಡಸ್ತಿಕೆ ಮೆರೆದೆಯೋ ದೇವರಿಗೇ ಗೊತ್ತು. ದಿನವಿಡೀ ಖಾಲಿ ಪೆಟ್ಟಿಗೆಯ ಮೇಲೆ ಕೂತು ವ್ಯಾಪಾರ ಮಾಡಿದರೆ ಕಾಲು ಊದದೆ ಇನ್ನೇನಾದೀತು? ಒಂದು ಒಳ್ಳೆಯ ಕುರ್ಚಿ ತರಿಸಿಕೋ ಎಂದರೆ ಟೊಮೆಟೊ ರಾಣಿಗೆ ಪೆಟ್ಟಿಗೆಯೇ ಸಿಂಹಾಸನ ಅನ್ನುತ್ತೀ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗುತ್ತಿದ್ದೀಯಾ? ನಿನ್ನ ಕೈಯ ಕೆಸುವಿನ ಸೊಪ್ಪಿನ ಸಾರು, ಬೇಯಿಸಿದ ಬಾಳೆಕಾಯಿ ನೆನಪಾದರೆ ನನಗೆ ಇಲ್ಲಿ ಬಾಯಲ್ಲಿ ನೀರೂರುತ್ತದೆ. ಬಿರಾಗೊ ಚಿಕ್ಕಮ್ಮಾ, ಇದನ್ನು ಓದಿ ಹೇಳುತ್ತಿರುವವಳು ನೀನೇ ಎಂದು ಗೊತ್ತು. ನೀನು ಓದಿದರೆ ಹತ್ತು ಅಂಗಡಿಗೆ ಕೇಳುತ್ತದೆ, ಕೇಳಲಿ ಬಿಡು. ಆದರೆ ಅಮ್ಮನಿಗೆ ಬೇಸರವಾಗುವ ಮಾತು ಬಂದಲ್ಲಿ ಕೆಮ್ಮಿ ಮುಂದಿನ ಸಾಲಿಗೆ ಹಾರುವ ಅಭ್ಯಾಸ ನಿನಗಿದೆಯಲ್ಲ, ಈ ಸಲ ಅದು ಬೇಡ. ಒಂದು ಅಕ್ಷರವನ್ನೂ ನುಂಗದೆ ಓದು. ಅಮ್ಮನಿಗೆ ಸಿಟ್ಟು ಬಂದರೆ ಬರಲಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಮೈ ಚೆನ್ನಾಗಿದೆ, ಧೂಳಿನ ಗಾಳಿಗೆ ತುಟಿ ಒಡೆದಿದೆ ಅಷ್ಟೆ. ಮನಸ್ಸು ಮಾತ್ರ ಚೆನ್ನಾಗಿಲ್ಲ ಅಮ್ಮಾ. ನಾನು ತಮಾಲೆಯ ಹಾಸ್ಟೆಲಿನಲ್ಲಿ ಕೂತು ಪ್ರಬಂಧ ಬರೆಯುತ್ತಿದ್ದೇನೆ ಎಂದು ನೀನು ತಿಳಿದಿದ್ದೀ. ಜನವರಿಯಿಂದ ನಾನು ಇಲ್ಲಿದ್ದೇನೆ. ಹೌದು, ಈ ಊರಿನಲ್ಲೇ, ಯಾವ ಊರಿನ ಹೆಸರೆತ್ತಿದರೆ ನೀನು ನೆಲಕ್ಕೆ ಉಗಿಯುತ್ತೀಯೋ ಅದೇ ಊರಿನಲ್ಲಿ. ನಮ್ಮದು ಬೇಸಾಯದ ಮಾರುಕಟ್ಟೆಯ ಅರ್ಥಶಾಸ್ತ್ರ ತಾನೇ, ಕೊನೆಯ ವರ್ಷ ಎಲ್ಲಾದರೂ ಒಂದು ಊರಿನಲ್ಲಿ ಕೂತು ಬೆಳೆ ಹೊಲದಿಂದ ಸಂತೆಗೆ ಹೇಗೆ ಹೋಗುತ್ತದೆ ಎಂದು ನೋಡಿ ಬರೆಯಬೇಕು. ಅಂಪಾದು ಮೇಷ್ಟ್ರು ನನಗೆ ಟೊಮೆಟೊವನ್ನೇ ಕೊಟ್ಟರು, ಈ ಊರನ್ನೇ ಕೊಟ್ಟರು. ಕುಮಾಸಿಯ ಟೊಮೆಟೊ ಮಾರುಕಟ್ಟೆ ನಡೆಸುವ ರಾಣಿಯ ಮಗಳು ನಾನೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಕೊಟ್ಟರೆಂದು ಈಗ ಅನಿಸುತ್ತದೆ. "ನಿಮ್ಮ ತಾಯಿಯ ಹೆಸರು ಅಲ್ಲಿ ಹೇಳಬೇಡಿ, ಹೇಳಿದರೆ ಯಾರೂ ನಿಜ ಮಾತಾಡುವುದಿಲ್ಲ" ಎಂದರು. ಹೇಳಲಿಲ್ಲ. ಇಲ್ಲಿ ನಾನು ಬರೀ ಪೊಕುವಾ, ಕುಮಾಸಿ ಕಡೆಯ ಓದುವ ಹುಡುಗಿ.

ಉಳಿದುಕೊಂಡಿರುವುದು ಅಕೊಲ್ಗೊ ಎಂಬ ರೈತನ ಮನೆಯಲ್ಲಿ. ಅವನ ಹೆಂಡತಿ ಲಮಿಸಿ, ನನ್ನದೇ ವಯಸ್ಸಿನವಳು, ಮೊಲೆ ಕುಡಿಯುವ ಹೆಣ್ಣುಕೂಸು ಅಸಿಬಿ. ಬಂದ ದಿನ ಲಮಿಸಿ ಸೋರೆಬುರುಡೆಯಲ್ಲಿ ಸಜ್ಜೆ ಹಿಟ್ಟಿನ ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕುಕ್ಕರಗಾಲಲ್ಲಿ ಕೂತು, ನಮ್ಮದೇ ಮಾತಿನಲ್ಲಿ, "ಏನವಾ, ನಿಮ್ಮ ಕಡೆ ಹೆಣ್ಣಮಕ್ಕಳಿಗೆ ಲಗ್ನಾ ಮಾಡೂದಿಲ್ಲೇನು? ಬರೇ ಓದಸ್ತಾರೇನು?" ಎಂದಳು. ನಮ್ಮ ಮಾತು ಹೇಗೆ ಬರುತ್ತದೆ ಎಂದರೆ, ಮದುವೆಗೆ ಮುಂಚೆಯೂ ಆಮೇಲೂ ಕುಮಾಸಿಯ ಮಾರುಕಟ್ಟೆಯಲ್ಲಿ ತಲೆಯ ಮೇಲೆ ಹೊರೆ ಹೊತ್ತವಳಂತೆ. ಅವತ್ತಿನಿಂದ ನನಗೆ ಅವಳೇ ಅಕ್ಕ, ಅವಳೇ ದುಭಾಷಿ. ಮುದ್ದೆಯನ್ನು ಬೆಂಡೆಯ ಲೋಳೆ ಸಾರಿನಲ್ಲಿ ಜಾರಿಸಿ ನುಂಗುವುದನ್ನೂ ಅವಳೇ ಕಲಿಸಿದಳು. ನಾನು ಅಗಿದರೆ ಮನೆಯವರೆಲ್ಲ ನಗುತ್ತಾರೆ.

ಈಗ ಜಗಳದ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವುದು ನಿನ್ನ ಖರೀದಿಯ ಹೆಂಗಸರು ಬಂದು ಹೇಳಿದ್ದು, ಅಂದರೆ ಈ ಊರಿನವರು ಸೊಕ್ಕಿದ್ದಾರೆ, ನಮ್ಮ ಪೆಟ್ಟಿಗೆ ಮುಟ್ಟುವುದಿಲ್ಲ ಅನ್ನುತ್ತಾರೆ ಎಂದು. ನಡೆದದ್ದು ಹೀಗೆ. ಮೇಷ್ಟ್ರು ವಿಶ್ವವಿದ್ಯಾಲಯದ ಜೀಪಿನಲ್ಲಿ ಒಂದು ತೂಕದ ಯಂತ್ರ ತಂದು ಬೇವಿನ ಮರಕ್ಕೆ ನೇತುಹಾಕಿಸಿದರು. ಊರಿನವರನ್ನೆಲ್ಲ ಸೇರಿಸಿ ಮೊದಲು ಹಳೆಯ ಪೆಟ್ಟಿಗೆ ತುಂಬಿಸಿ ತೂಗಿಸಿದರು, ಆಮೇಲೆ ನೀನು ಮೇಲೊಂದು ಹಲಗೆ ಹೊಡೆಸಿ ಎತ್ತರ ಮಾಡಿದ ಹೊಸ ಪೆಟ್ಟಿಗೆ ತುಂಬಿಸಿ ತೂಗಿಸಿದರು. ಮುಳ್ಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಓದಲು ಬಾರದವರಿಗೂ ಕಾಣಿಸಿತು. ಹಲಗೆ ಏರಿದ್ದು ಊರಿಗೆಲ್ಲ ಗೊತ್ತಿದ್ದದ್ದೇ, ಪೆಟ್ಟಿಗೆಗೆ ಕೊಡುವ ಬೆಲೆ ಏರಲಿಲ್ಲ ಎಂಬುದೂ ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ದೊಡ್ಡ ಮನುಷ್ಯನೊಬ್ಬ ಕನ್ನಡಕ ಹಾಕಿಕೊಂಡು ಬಂದು "ಇದು ಮೋಸ" ಎನ್ನುವುದು ಬೇರೆ. "ತೂಗಿ ಕೊಡಿ, ತೂಗದೆ ಕೊಡಬೇಡಿ, ನೀವು ಒಗ್ಗಟ್ಟಾಗಿದ್ದರೆ ರಾಣಿಯೇ ಇಳಿದು ಬರುತ್ತಾಳೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಅಮ್ಮಾ. ನಂಬಿ ತಟ್ಟಿದೆ.

ಮೇಷ್ಟ್ರಿಗೆ ನಿನ್ನ ಪರಿಚಯವಿಲ್ಲ. ನೀನು ಇಳಿದು ಬರುವವಳಲ್ಲ. ತೂಗದೆ ಕೊಡುವುದಿಲ್ಲ ಎಂದು ಊರಿನವರು ಹೇಳಿದ್ದೇ ತಡ, ನಿನ್ನ ಹೆಂಗಸರು ಖಾಲಿ ಪೆಟ್ಟಿಗೆಗಳನ್ನು ಹಾಗೆಯೇ ಲಾರಿಗೆ ಹೇರಿಸಿ ಹೊರಟರು. ಅದರ ಮಾರನೆಯ ದಿನದಿಂದ ನಿನ್ನ ಲಾರಿಗಳು ಈ ಊರಿನ ಮುಂದಿನ ರಸ್ತೆಯಲ್ಲೇ ಗಡಿಯಾಚೆಗೆ ಹೋಗುತ್ತಿವೆ, ಆ ಕಡೆಯ ಟೊಮೆಟೊ ತುಂಬಿಕೊಂಡು ಇದೇ ರಸ್ತೆಯಲ್ಲಿ ಬರುತ್ತಿವೆ. ನಿಲ್ಲಿಸುವುದಿಲ್ಲ. ಬೇರೆ ವ್ಯಾಪಾರದವರೂ ನಿನ್ನ ಮಾತು ಮೀರಿ ಇಲ್ಲಿ ಕೊಳ್ಳುವ ಧೈರ್ಯ ಮಾಡುತ್ತಿಲ್ಲ, ಕೊಂಡರೆ ಕುಮಾಸಿಯಲ್ಲಿ ಮಾಲು ಇಳಿಸಲು ನೀನು ಸರದಿ ಕೊಡುವುದಿಲ್ಲವಲ್ಲ. ಅಕೊಲ್ಗೊ ಮೊದಲ ದಿನಗಳಲ್ಲಿ ಒಂದು ಬುಟ್ಟಿ ಕೆಂಪು ಹಣ್ಣು ಎತ್ತಿ ಹಿಡಿದು ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದ. ಲಾರಿಯವರು ಹಾರ್ನ್ ಹೊಡೆದು ಕೈಬೀಸಿ ಹೋಗುತ್ತಿದ್ದರು. ಈಗ ನಿಲ್ಲುವುದನ್ನೂ ಬಿಟ್ಟಿದ್ದಾನೆ.

ಮೇಷ್ಟ್ರು ಎಲ್ಲಿ ಎಂದು ಕೇಳುತ್ತೀಯಾ? ನೈರೋಬಿಯಲ್ಲಿ ಯಾವುದೋ ದೊಡ್ಡ ಸಭೆಯಂತೆ, ಅಲ್ಲಿಗೆ ಹೋಗಿದ್ದಾರೆ. ಅಲ್ಲಿ ಈ ಊರಿನ ಒಗ್ಗಟ್ಟನ್ನೇ ಉದಾಹರಣೆಯಾಗಿ ಹೇಳುತ್ತಾರಂತೆ. ತೂಕದ ಯಂತ್ರ ಮಾತ್ರ ಬೇವಿನ ಮರದಲ್ಲಿ ನೇತಾಡುತ್ತಿದೆ, ಮಕ್ಕಳು ಅದಕ್ಕೆ ಜೋತುಬಿದ್ದು ತಮ್ಮನ್ನೇ ತೂಗಿಕೊಳ್ಳುತ್ತಾರೆ. ಊರಿನವರು ಮೇಷ್ಟ್ರನ್ನು ಬಯ್ಯುವುದಕ್ಕೆ ನನ್ನ ಹತ್ತಿರ ಬರುತ್ತಾರೆ, ಇನ್ಯಾರ ಹತ್ತಿರ ಹೋಗುತ್ತಾರೆ? ನಾನೂ ಗಂಟುಮೂಟೆ ಕಟ್ಟಿದರೆ ಇವರೆಲ್ಲ ಒಂದೇ ಜಾತಿಯವರು ಎಂದು ತೀರ್ಮಾನಿಸುತ್ತಾರೆ. ಅದಕ್ಕೇ ನಾನೇ ಹೊರಟು ನಿನ್ನ ಬಳಿ ಬರಲಿಲ್ಲ. ಇನ್ನೊಂದು ಕಾರಣವೂ ಇದೆ. ಆ ಮಾರುಕಟ್ಟೆಯಲ್ಲಿ ನಿನ್ನೆದುರು ನಿಂತರೆ ನನಗೆ ನಾಲಿಗೆ ಏಳುವುದಿಲ್ಲ. ಮನೆಯಲ್ಲಿ ನೀನು ಅಮ್ಮ, ಅಲ್ಲಿ ರಾಣಿ. ಚಿಕ್ಕವಳಿದ್ದಾಗ ಒಮ್ಮೆ ಎಲ್ಲರ ಮುಂದೆ "ಅಮ್ಮಾ, ಆ ಮುದುಕಿಯ ಸರದಿ ಯಾಕೆ ತಪ್ಪಿಸಿದೆ?" ಎಂದು ಕೇಳಿ ತಿಂದ ಏಟು ಇನ್ನೂ ನೆನಪಿದೆ.

ಹಣ್ಣಿನ ಗತಿ ಹೇಳುತ್ತೇನೆ. ನೀನು ಟೊಮೆಟೊದಲ್ಲೇ ಹುಟ್ಟಿ ಬೆಳೆದವಳು, ಒತ್ತಿ ನೋಡಿ ಎಷ್ಟು ದಿನ ತಡೆಯುತ್ತದೆಂದು ಹೇಳುವವಳು, ಆದರೆ ಹೊಲದಲ್ಲಿ ಕೀಳುವವರಿಲ್ಲದೆ ಕೆಂಪಾಗುವುದನ್ನು ನೋಡಿದ್ದೀಯಾ? ಅಕೊಲ್ಗೊ ಬೆಳಗಾಗುವ ಮೊದಲೇ ಹೋಗಿ ಒಂದೊಂದೇ ಗಿಡದ ಎಲೆ ಎಳೆದು ಹಣ್ಣಿಗೆ ನೆರಳು ಮಾಡುತ್ತಾನೆ, ಮಾಗುವುದು ನಿಧಾನವಾಗಲಿ ಎಂದು. ಅದರಿಂದ ಏನೂ ಆಗುವುದಿಲ್ಲವೆಂದು ಅವನಿಗೂ ಗೊತ್ತು. ನೀರು ಬಿಡುವುದನ್ನು ನಿಲ್ಲಿಸಿದ್ದಾನೆ, ಮತ್ತೆ ಗಿಡ ಬಾಡಿದ್ದು ನೋಡಲಾಗದೆ ಬಿಡುತ್ತಾನೆ. ಹೆಂಗಸರು ಹಣ್ಣು ಸೀಳಿ ಬಂಡೆಯ ಮೇಲೆ, ಮನೆಯ ಮಣ್ಣಿನ ತಾರಸಿಯ ಮೇಲೆ ಒಣಹಾಕಿದ್ದಾರೆ. ಈ ಗಾಳಿಯಲ್ಲಿ ಅದರ ಮೇಲೆಲ್ಲ ಧೂಳು. ಸಾರಿಗೆ ಹಾಕಿದರೆ ಹಲ್ಲಿಗೆ ಮರಳು ಸಿಗುತ್ತದೆ, ಎಲ್ಲರೂ ಹಾಗೆಯೇ ನುಂಗುತ್ತಾರೆ. ಆಡುಗಳೂ ತಿಂದು ಸಾಕಾಗಿ ಮೂಸಿ ಬಿಡುತ್ತಿವೆ. ಹುಳಿ ವಾಸನೆ ಊರಿಗೆಲ್ಲ ಹಬ್ಬಿದೆ. ನೀನು ಸುತ್ತಿಕೊಳ್ಳುವ ಬಟ್ಟೆಯಿಂದ ಬರುತ್ತಿದ್ದ ವಾಸನೆಯೇ ಇದು, ಆದರೆ ಅಲ್ಲಿ ಅದು ಊಟದ ವಾಸನೆಯಾಗಿತ್ತು. ನನ್ನ ಶಾಲೆಯ ಸಮವಸ್ತ್ರ, ನನ್ನ ಪುಸ್ತಕ, ಈ ವಿಶ್ವವಿದ್ಯಾಲಯ ಎಲ್ಲವೂ ಟೊಮೆಟೊದಿಂದಲೇ ಬಂದದ್ದಲ್ಲವೇ.

ಕಳೆದ ವಾರ ಅಕೊಲ್ಗೊ ಮತ್ತು ಊರಿನ ಇಬ್ಬರು ಹಿರಿಯರು ನಿನ್ನ ಹತ್ತಿರ ಬಂದಿದ್ದರು, ನೆನಪಿದೆಯಾ? ಗಿನಿಕೋಳಿ ಹಿಡಿದುಕೊಂಡು ಬಂದವರು. ಎರಡು ದಿನದ ದಾರಿ, ಉಪ್ಪಿನ ಲಾರಿಯ ಹಿಂದೆ ಕೂತು. ಲಾರಿಗಳು ಇಳಿಯುತ್ತಿದ್ದ ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ ನೇರವಾಗಿ ನಿನ್ನ ಮುಂದೆ ಕುಕ್ಕರಿಸಿ ಕೋಳಿಯನ್ನು ನಿನ್ನ ಕಾಲ ಬಳಿ ಇಟ್ಟರು. ನೀನು ಏನೆಂದೆ ಎಂದು ಅಕೊಲ್ಗೊ ಬಂದು ಹೇಳಿದ, ಲಮಿಸಿ ನನಗೆ ಹೇಳಿದಳು: "ನಿಮ್ಮ ಪರವಾಗಿ ಮಾತಾಡೋಕೆ ಒಬ್ರೂ ಸಿಗ್ಲಿಲ್ವಾ? ಬೀದೀಲಿ ಸಿಕ್ಕಿದವಳ ಹತ್ರ ಬಂದ ಹಾಗೆ ಬಂದ್ರಾ? ಎತ್ಕೊಂಡು ಹೋಗಿ ನಿಮ್ಮ ಕೋಳಿ." ಕೋಳಿಯನ್ನು ಜೀವಂತ ವಾಪಸು ಕಳಿಸಿದೆ. ನನಗೆ ನಿನ್ನ ಸಿಟ್ಟು ಅರ್ಥವಾಗುತ್ತದೆ. ನಮ್ಮಲ್ಲಿ ತಪ್ಪಾಯಿತು ಎನ್ನುವವನು ತಾನೇ ಬಾಯಿ ಬಿಡಬಾರದು, ಮೊದಲು ನಮಗೆ ಬೇಕಾದವರೊಬ್ಬರ ಮನೆಗೆ ಹೋಗಿ ಶರಣು ಬೀಳಬೇಕು, ಅವರು ಮುಂದೆ ನಿಂತು ಬೇಡಬೇಕು. ಬೇಡುವವರ ಮುಖ ನೋಡಿ ನಾವು ಕರಗಬೇಕು. ಹಾಗಾದರೆ ಯಾರ ಮಾನವೂ ಹೋಗುವುದಿಲ್ಲ. ಆದರೆ ಇವರಲ್ಲಿ ಹಾಗಲ್ಲ ಅಮ್ಮಾ. ಅಕೊಲ್ಗೊ ಬಂದವನೇ ಅಂಗಳದಲ್ಲಿ ಕೂತು, "ತಪ್ಪ ಮಾಡಿದವ ತಾನ ಹೋಗಿ ಕಾಲಬುಡಕ ಕೂಡಬೇಕು. ಮತ್ತೊಬ್ಬರನ್ನ ಕಳಸಿದ್ರ ಹೇಡಿ ಅಂತಾರ. ನಾವು ಗಂಡಸರು ಅಷ್ಟ ದೂರ ಹೋಗಿ ಕುಂತ್ವಿ, ಆಕಿಗೆ ಕಾಣಲಿಲ್ಲೇನು? ಬಾಯಿ ನಮಗೂ ದೇವರು ಕೊಟ್ಟಾನಲ್ಲ" ಎಂದು ಕೇಳುತ್ತಲೇ ಇದ್ದ. ಆ ಕೋಳಿ ಈಗ ಅಂಗಳದಲ್ಲಿ ತಿರುಗಾಡಿಕೊಂಡಿದೆ. ಅದನ್ನು ಕೊಯ್ಯಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಅವರು ಹೊರಡುವ ಮುಂಚೆ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೀಗೆ ಹೋಗಬೇಡಿ, ಯಾರನ್ನಾದರೂ ಹಿಡಿದು ಹೋಗಿ ಎಂದು. ಯಾರನ್ನು ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ.

ಲಮಿಸಿ ನಿನ್ನನ್ನು ನಕಲು ಮಾಡುತ್ತಾಳೆ, ಗೊತ್ತಾ? ಸಂಜೆ ಅಂಗಳದಲ್ಲಿ ಹೆಂಗಸರು ಸೇರಿದಾಗ ಯಾರಾದರೂ "ರಾಣಿ ಮಾಡವಾ" ಎಂದರೆ ಸಾಕು. ಹೊದಿಕೆಯನ್ನು ಎದೆಯ ಮೇಲೆ ಸುತ್ತಿಕೊಂಡು, ಹೊಟ್ಟೆ ಮುಂದೆ ಮಾಡಿ, ಒಂದು ಕಾಲು ಸ್ವಲ್ಪ ಎಳೆಯುತ್ತಾ ಬರುತ್ತಾಳೆ. "ಇದೇನ ಅರಿವಿ ಅಂತ ಮಾಡೀರಿ? ಇದರ ಹೆಸರು, ಹೊಟ್ಟೆಕಿಚ್ಚಿನವಳೇ ಕುರ್ಚಿ ತಂದು ಕೂರು ಅಂತ!" ಎಂದು ಸೆರಗು ಝಾಡಿಸುತ್ತಾಳೆ. ಆಮೇಲೆ ಗಂಟಲು ದಪ್ಪ ಮಾಡಿ, "ಏ ಹೊರೆಯವಳೇ, ಕಣ್ಣು ಎಲ್ಲಿಟ್ಟಿದ್ದೀಯೇ? ಬಿದ್ದರೆ ನೀನು ಬೀಳು, ಪೆಟ್ಟಿಗೆ ಬೀಳಬಾರದು!" ಎನ್ನುತ್ತಾಳೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಯಾಕೆಂದರೆ ಅದು ಅಷ್ಟು ನಿನ್ನ ಹಾಗೆಯೇ ಇತ್ತು. ಅಂಗಡಿಯವರು ಆ ಹೆಸರಿಟ್ಟು ಮಾರುವ ಅಚ್ಚಿನ ಬಟ್ಟೆಯನ್ನು ನೀನು ಈಸ್ಟರಿಗೆ ಹೊಲಿಸಿದ್ದು, ಆ ಮಾತನ್ನು ನೀನು ದಿನಕ್ಕೆ ಹತ್ತು ಸಲ ಅನ್ನುವುದು. ನಗುತ್ತಾ ನಗುತ್ತಾ ಎದ್ದು ಹಿತ್ತಿಲಿಗೆ ಹೋಗಿ ಅತ್ತೆ. ಲಮಿಸಿ ಹಿಂದೆಯೇ ಬಂದು, "ಯಾಕವಾ, ಮನಿ ನೆನಪಾತೇನು?" ಎಂದು ಬೆನ್ನು ಸವರಿದಳು. ಹೌದು ಎಂದೆ. ಅದು ಸುಳ್ಳಲ್ಲ.

ಅವಳು ನಿನ್ನ ಪೆಟ್ಟಿಗೆಗಳನ್ನೇ ಹೊತ್ತವಳು ಅಮ್ಮಾ. ನಿನಗೆ ನೆನಪಿರಲಾರದು, ನೂರಾರು ಜನ ಹುಡುಗಿಯರು. ಬಾಳೆಕಾಯಿ ಸಾಲಿನ ಹಿಂದಿನ ಸೂರಿನ ಕೆಳಗೆ ಮಲಗುತ್ತಿದ್ದಳಂತೆ. ಅವಳ ಮೊದಲ ಕೂಸು ಅಲ್ಲೇ ಹೋಯಿತು, ಮಳೆಗಾಲದಲ್ಲಿ, ಜ್ವರ ಬಂದು. ಅದನ್ನು ಅವಳು ಒಂದೇ ಸಲ ಹೇಳಿದ್ದು, ಅಸಿಬಿಗೆ ಮೊಲೆ ಕೊಡುತ್ತಾ, ಗೋಡೆಯ ಕಡೆ ನೋಡುತ್ತಾ. ಇನ್ನು ಜನ್ಮದಲ್ಲಿ ತನ್ನನ್ನು ಆ ಊರಿಗೆ ಕಳಿಸುವುದಿಲ್ಲ ಎಂದು ಗಂಡನ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು, ಅವನೂ ಹಾಕಿದ್ದ. ಅದಕ್ಕೇ ಟೊಮೆಟೊ ಹಾಕಿದ್ದು. ಮೊನ್ನೆ ಅವಳು ಮಂಚದ ಕೆಳಗಿಂದ ಆ ದೊಡ್ಡ ಅಲ್ಯುಮಿನಿಯಂ ಬೋಗುಣಿ ಎಳೆದು ಬೂದಿ ಹಾಕಿ ತಿಕ್ಕಿದಳು. ಯಾಕೆ ಎಂದು ಕೇಳಿದೆ. "ಸೋಮವಾರ ತನಕ ನೋಡೂದು. ಲಾರಿ ಬರಲಿಲ್ಲಂದ್ರ ನಾ ಹೊಂಟೆ. ಹೊಟ್ಟಿ ಕೇಳಬೇಕಲ್ಲ" ಎಂದಳು. ಕೂಸು? "ಕೂಸಿನ್ನ ಬಿಟ್ಟ ಹೋಗಾಕ ಮೊಲಿ ಬಿಚ್ಚಿಟ್ಟ ಹೋಗಲೇನು?" ಎಂದು ನನ್ನನ್ನೇ ಗದರಿದಳು. ಅಕೊಲ್ಗೊ ಕೇಳಿಸಿಕೊಂಡೂ ಕೇಳಿಸದವನ ಹಾಗೆ ಎದ್ದು ಹೊಲಕ್ಕೆ ಹೋದ.

ನಾನು ನಿನ್ನ ವಿರೋಧಿಯಲ್ಲ ಅಮ್ಮಾ, ಅದನ್ನು ತಿಳಿದುಕೋ. ಎರಡನೆಯ ವರ್ಷದ ಕ್ಲಾಸಿನಲ್ಲಿ ಮೇಷ್ಟ್ರು ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು, ಮಾರುಕಟ್ಟೆಗೆ ಬರುವ ಮಾಲನ್ನು ಹಿಡಿದಿಟ್ಟು ಬೆಲೆ ಏರಿಸುವವರು ಯಾರು ಎಂದು ಕೇಳಿದಾಗ ಇಡೀ ಕ್ಲಾಸು "ಟೊಮೆಟೊ ರಾಣಿ!" ಎಂದು ಕೂಗಿ ನಕ್ಕಿತು. ನಾನು ಎದ್ದು ನಿಂತು, ಸರದಿ ಇಲ್ಲದಿದ್ದರೆ ಲಾರಿಗಳೆಲ್ಲ ಒಂದೇ ದಿನ ಇಳಿದು ದೊಡ್ಡವರು ಗೆದ್ದು ಚಿಕ್ಕ ಬುಟ್ಟಿಯ ಹೆಂಗಸರು ಮುಳುಗುತ್ತಾರೆ, ಅವರಲ್ಲೊಬ್ಬಳು ಸತ್ತರೆ ಹೂಳುವ ಖರ್ಚು ನೋಡುವವಳೂ ಅದೇ ರಾಣಿ ಎಂದಿದ್ದೆ. ಯಾರೂ ಕೇಳಲಿಲ್ಲ. ಪೆಟ್ಟಿಗೆಯ ಹಲಗೆಯ ಕತೆಯೂ ನನಗೆ ಗೊತ್ತು. ಲಾರಿಯವರು ತೂಕಕ್ಕಲ್ಲ, ಪೆಟ್ಟಿಗೆ ಲೆಕ್ಕಕ್ಕೆ ಬಾಡಿಗೆ ಕೇಳುತ್ತಾರೆ, ಬಾಡಿಗೆ ಏರಿಸುತ್ತಲೇ ಇದ್ದಾರೆ, ಅವರ ಸೊಕ್ಕು ಮುರಿಯುತ್ತೇನೆ ಎಂದು ನೀನು ಬಡಗಿಯನ್ನು ಮನೆಗೇ ಕರೆಸಿ ಹಲಗೆ ಹೊಡೆಸಿದೆ. ಅವತ್ತು ಬಡಗಿಗೆ ನೀರು ಕೊಟ್ಟವಳು ನಾನೇ. ನೀನು ಹೊಡೆದದ್ದು ಲಾರಿಯವನಿಗೆ, ಬಿದ್ದದ್ದು ಅಕೊಲ್ಗೊನ ಮೇಲೆ. ಲಾರಿಯವನು ಹೇಗೂ ಮತ್ತೆ ಬಾಡಿಗೆ ಏರಿಸಿಕೊಂಡ. ಇದು ನಿನಗೂ ಗೊತ್ತಾಗಿದೆ, ಆದರೆ ಹೊಡೆಸಿದ ಹಲಗೆಯನ್ನು ಕೀಳಿಸಿದರೆ ರಾಣಿ ಸೋತಳು ಎಂದಾಗುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗಾಗಿದೆ ಈ ಊರು.

ನನಗೆ ಸಂಕಟವಾಗುವುದು ಯಾಕೆ ಗೊತ್ತಾ? ಈ ಊರಿನ ಟೊಮೆಟೊ ಎಲ್ಲಾ ಕೊಳೆತುಹೋದರೂ ನನ್ನ ಪ್ರಬಂಧ ಪಾಸಾಗುತ್ತದೆ. ಇನ್ನೂ ಚೆನ್ನಾಗಿ ಪಾಸಾಗುತ್ತದೆ. ಕೊಳೆತದ್ದನ್ನೂ ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿದರೆ ಮೇಷ್ಟ್ರು ಬೆನ್ನು ತಟ್ಟುತ್ತಾರೆ. ಅವರ ಮನೆಯ ಕಾಳು ತಳ ಕಾಣುತ್ತಿರುವಾಗ ಲಮಿಸಿ ನನ್ನ ತಟ್ಟೆಗೇ ಮೊದಲು ಬಡಿಸುತ್ತಾಳೆ, ಅತಿಥಿಯೆಂದು.

ಅದಕ್ಕೇ ಬೇಡುತ್ತಿದ್ದೇನೆ. ಲಾರಿ ಕಳಿಸು. ಹಲಗೆಯ ಮಾತು ಈಗ ಬೇಡ, ಇರುವ ಪೆಟ್ಟಿಗೆಯನ್ನೇ ಕಳಿಸು, ಈ ಬೆಳೆ ಮುಗಿಯಲಿ, ಮಳೆಗಾಲದಲ್ಲಿ ಕೂತು ಮಾತಾಡೋಣ. ನೀನು ಸೋತೆ ಎಂದು ಯಾರೂ ಅನ್ನಬೇಕಾಗಿಲ್ಲ. ಗಡಿಯಾಚೆಯ ಹಣ್ಣಿನ ಸಿಪ್ಪೆ ತೆಳು, ದಾರಿಯಲ್ಲೇ ಒಡೆಯುತ್ತಿದೆ, ಅದಕ್ಕೆ ಲಾರಿ ತಿರುಗಿಸಿದೆ ಎಂದು ಹೇಳು. ಅದು ಸುಳ್ಳೂ ಅಲ್ಲ, ನೀನೇ ಹೋದ ವರ್ಷ ಹಾಗೆ ಬಯ್ಯುತ್ತಿದ್ದೆ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನಾನು ಬಂದ ಮೇಲೆ ತೀರಿಸಿಕೋ. ಮಾವನನ್ನು ಕರೆಸಿ ಪಂಚಾಯಿತಿ ಮಾಡಿಸಿದರೂ ಸರಿ. ಚಿಕ್ಕಮ್ಮಾ, ಇಲ್ಲಿಯವರೆಗೆ ನುಂಗದೆ ಓದಿದ್ದೀ ತಾನೇ? ಅಮ್ಮ ಎದ್ದು ಹೋಗುತ್ತಿದ್ದರೆ ಸೆರಗು ಹಿಡಿದು ಕೂರಿಸು. ಈ ಕಾಗದ ನಾಳೆ ಗಡಿಯ ಕಡೆಯಿಂದ ಬರುವ ಸೆಯ್ದುವಿನ ಈರುಳ್ಳಿ ಲಾರಿಯಲ್ಲಿ ಕಳಿಸುತ್ತೇನೆ. ಅವನು ನಿನಗೆ ಗೊತ್ತಿರುವವನು, ನಿನ್ನ ಕೈಗೇ ಕೊಡುತ್ತಾನೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು. ಅಜ್ಜಿಯ ಸಮಾಧಿಯ ಸುತ್ತ ಹುಲ್ಲು ಕೀಳಿಸು. ಕಾಲಿಗೆ ಬೆಣ್ಣೆ ಹಚ್ಚಿಕೋ. ದೇವರು ನಿನ್ನ ಆಯಸ್ಸು ಹೆಚ್ಚಿಸಲಿ, ನಿನ್ನ ಅಂಗಡಿಗೆ ಕಣ್ಣು ಬೀಳದಿರಲಿ.

ನಿನ್ನ ಮಗಳು,
ಪೊಕುವಾ

ತಾ.ಕ.: ಅಮ್ಮಾ, ಅವಸರದಲ್ಲಿ ಬರೆಯುತ್ತಿದ್ದೇನೆ. ಸೆಯ್ದುವಿನ ಲಾರಿ ನಾಳೆಯ ಬದಲು ಇವತ್ತೇ ಬಂದುಬಿಟ್ಟಿದೆ, ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ. ಲಮಿಸಿ ಸೋಮವಾರದವರೆಗೂ ಕಾಯುವುದಿಲ್ಲವಂತೆ, ಇನ್ನೊಂದು ಲಾರಿ ಯಾವಾಗ ಬರುತ್ತದೋ ಎಂದು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬೋಗುಣಿ ತಲೆಯ ಮೇಲಿಟ್ಟುಕೊಂಡು ನಿಂತಿದ್ದಾಳೆ. ಅಕೊಲ್ಗೊ ಹೊಲದಿಂದ ಬರಲೇ ಇಲ್ಲ. ನನ್ನ ಕೈಯಲ್ಲಿ ಕಾಗದ ನೋಡಿ, "ನಾನ ಒಯ್ತೀನಿ ಕೊಡವಾ, ಯಾರಿಗೆ ಕೊಡಲಿ?" ಎಂದಳು. ಟೊಮೆಟೊ ರಾಣಿಗೆ ಎಂದೆ. "ಅಯ್ಯ, ಆಕಿಗೆ ನನ್ನ ಕೆಲಸಕ್ಕ ಶಿಫಾರಸು ಬರದಿಯೇನು? ಬಾಳ ಛಲೋ ಹುಡುಗಿ ನೀ" ಎಂದು ನಕ್ಕಳು. ಹೌದು ಎಂದೆ. ಇಷ್ಟು ದಿನ ಒಂದೇ ಸೂರಿನಡಿ ಇದ್ದರೂ ನಾನು ಯಾರ ಮಗಳೆಂದು ಅವಳಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಚಿಕ್ಕಮ್ಮಾ, ಈ ಸಾಲಿಗೆ ಬರುವ ಹೊತ್ತಿಗೆ ನೀನು ಎಲ್ಲವನ್ನೂ ಅವಳ ಮುಂದೆಯೇ ಗಟ್ಟಿಯಾಗಿ ಓದಿರುತ್ತೀ, ಅವಳು ಎಲ್ಲವನ್ನೂ ಕೇಳಿರುತ್ತಾಳೆ. ಇದನ್ನೆಲ್ಲ ಮುಚ್ಚಿಟ್ಟು ಬೇರೆ ಕಾಗದ ಬರೆಯಬಹುದಿತ್ತು, ಬರೆಯುವುದಿಲ್ಲ. ಲಮಿಸಿ, ನೀನು ನನ್ನನ್ನು ಬಯ್ಯು, ಉಗಿ, ಆದರೆ ಅಲ್ಲಿಂದ ಎದ್ದು ಹೋಗಬೇಡ. ಅಮ್ಮಾ, ಊರಿನವರ ಪರವಾಗಿ ಯಾರೂ ಬಂದಿಲ್ಲ ಎಂದೆಯಲ್ಲ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನಾನು ಬೇಡುತ್ತಿದ್ದೇನೆ. ಲಾರಿ ಕಳಿಸುವ ಮಾತು ಆಮೇಲೆ ಯೋಚಿಸು. ಮೊದಲು ಆ ಬೋಗುಣಿಯನ್ನು ಅವಳ ತಲೆಯಿಂದ ನಿನ್ನ ಕೈಯಾರೆ ಇಳಿಸು.